ಗ್ರಾಂ ಲೆಕ್ಕದ ಹಡಗು: ಮನೆಯಲ್ಲೇ ಕಟ್ಟುವ ರಿಮೋಟ್ ವಾಯುನೌಕೆ

ಬಾವಿಯಲ್ಲಿ ಈಜು ಕಲಿತವರಿಗೆ ಸೋರೆಬುರುಡೆ ನೆನಪಿರುತ್ತದೆ. ಚೆನ್ನಾಗಿ ಒಣಗಿದ ಬುರುಡೆಗಳನ್ನು ಹಗ್ಗದಿಂದ ಬೆನ್ನಿಗೆ ಬಿಗಿದು ದೊಡ್ಡವರು ನೀರಿಗೆ ಇಳಿಸುತ್ತಿದ್ದರು. ಬುರುಡೆಯೇ ನಮ್ಮನ್ನು ಎತ್ತಿ ಹಿಡಿದಿದೆ ಅಂತ ಅನ್ನಿಸುತ್ತಿತ್ತು. ನಿಜವಾಗಿ ಎತ್ತಿ ಹಿಡಿದದ್ದು ನೀರು. ಬುರುಡೆ ಮಾಡಿದ್ದು ಇಷ್ಟೇ: ತುಂಬಾ ಜಾಗ ಹಿಡಿಯಿತು, ಆದರೆ ಅದಕ್ಕೆ ಅಷ್ಟೇನೂ ತೂಕ ಇರಲಿಲ್ಲ. ಆ ಜಾಗದಲ್ಲಿ ಎಷ್ಟು ನೀರು ಹಿಡಿಯುತ್ತಿತ್ತೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆ ಒತ್ತಿತು.

ವಾಯುನೌಕೆ, ಅಂದರೆ ಹಗುರ ಗ್ಯಾಸ್ ತುಂಬಿ ಮೋಟಾರಿನಿಂದ ನಡೆಸುವ ಉದ್ದನೆಯ ಬಲೂನು, ಗಾಳಿಗೆ ಇಳಿಸಿದ ಸೋರೆಬುರುಡೆಯೇ. ಒಳಗೆ ತುಂಬುವ ಹೀಲಿಯಂ ಗ್ಯಾಸ್ ಮೇಲಕ್ಕೆ ಎಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೀಲಿಯಂ ಏನನ್ನೂ ಎಳೆಯುವುದಿಲ್ಲ. ಅದಕ್ಕೂ ತೂಕ ಇದೆ. ಎತ್ತುವುದು ಸುತ್ತಲಿನ ಗಾಳಿ. ಈ ಮಾತು ಮನಸ್ಸಿಗೆ ಹಿಡಿಸಿದರೆ ಮುಂದಿನದೆಲ್ಲ ಸಲೀಸು. ಆಮೇಲೆ ವಾಯುನೌಕೆ ಕಟ್ಟುವುದು ಬಲೂನು ಊದುವ ಕೆಲಸ ಅಲ್ಲ, ತಕ್ಕಡಿ ಹಿಡಿಯುವ ಕೆಲಸ ಅಂತ ತಾನಾಗಿಯೇ ಗೊತ್ತಾಗುತ್ತದೆ. ಹೊಸಬರು ಮೊದಲು ಮೋಟಾರ್ ಕೊಳ್ಳುತ್ತಾರೆ. ನಾನಂತೂ ಮೊದಲು ಅರ್ಧ ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಕೊಳ್ಳಿ ಅಂತೀನಿ.

ಗಾಳಿಗೆ ಎಷ್ಟು ತೂಕ?

ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ ತಗೊಳ್ಳಿ. ಬೆಂಗಳೂರಿನಲ್ಲಿ ಆ ಕೋಣೆಯೊಳಗಿನ ಗಾಳಿಯೇ ಸುಮಾರು 30 ಕಿಲೋ ತೂಗುತ್ತದೆ. 25 ಕಿಲೋದ ಒಂದು ಅಕ್ಕಿ ಮೂಟೆಗಿಂತ ಜಾಸ್ತಿ!

ಲೆಕ್ಕಕ್ಕೆ ಒಂದು ಘನ ಮೀಟರ್ ಇಟ್ಟುಕೊಳ್ಳೋಣ. ಉದ್ದ, ಅಗಲ, ಎತ್ತರ ಎಲ್ಲ ಒಂದೊಂದು ಮೀಟರ್ ಇರುವ ಪೆಟ್ಟಿಗೆ. ಬೆಂಗಳೂರಿನಲ್ಲಿ 25 ಡಿಗ್ರಿ ಇದ್ದಾಗ ಆ ಪೆಟ್ಟಿಗೆಯ ಗಾಳಿ ಸುಮಾರು 1065 ಗ್ರಾಂ. ಅದೇ ಪೆಟ್ಟಿಗೆಯಲ್ಲಿ ಹೀಲಿಯಂ ತುಂಬಿದರೆ ಸುಮಾರು 145 ಗ್ರಾಂ. ವ್ಯತ್ಯಾಸ 920 ಗ್ರಾಂ. ಅಂದರೆ ಒಂದು ಘನ ಮೀಟರ್ ಹೀಲಿಯಂ ಇದ್ದರೆ 920 ಗ್ರಾಂ ಎತ್ತಬಹುದು. ಚರ್ಮ (ಅಂದರೆ ಗ್ಯಾಸ್ ಹಿಡಿದಿಡುವ ಹೊರಗಿನ ಹಾಳೆ), ಮೋಟಾರ್, ಬ್ಯಾಟರಿ, ವೈರ್, ಟೇಪ್ ಎಲ್ಲ ಅದರೊಳಗೇ ಬರಬೇಕು.

ಮಂಗಳೂರಿಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅದು ಸಮುದ್ರಮಟ್ಟ, ಅಲ್ಲಿ ಗಾಳಿ ದಪ್ಪ. 30 ಡಿಗ್ರಿ ಬಿಸಿಲಿನಲ್ಲೂ ಒಂದು ಘನ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋ ಎತ್ತುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಅದಕ್ಕೇ ಯೂರೋಪಿನ ಯಾರೋ ಬರೆದ ಲೆಕ್ಕವನ್ನು ಹಾಗೇ ನಂಬಿ ಇಲ್ಲಿ ಕಟ್ಟಿದರೆ ನೌಕೆ ನೆಲ ಬಿಟ್ಟು ಏಳದೇ ಹೋಗಬಹುದು. ಎತ್ತರಕ್ಕೆ ಹೋದಷ್ಟೂ ಇದು ಕಷ್ಟವಾಗುತ್ತದೆ. 2025ರ ಮೇ 3ರಂದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಮಧ್ಯಪ್ರದೇಶದ ಶ್ಯೋಪುರದಿಂದ ಒಂದು ವಾಯುನೌಕೆಯನ್ನು ಸುಮಾರು 17 ಕಿಲೋಮೀಟರ್ ಎತ್ತರಕ್ಕೆ ಏರಿಸಿತು. ಅಷ್ಟು ಮೇಲೆ ಒಂದು ಘನ ಮೀಟರ್ ಹೀಲಿಯಂ ಎತ್ತುವುದು ಬರೀ 120 ಗ್ರಾಂ ಆಸುಪಾಸು. ನಾವು ಒಂದು ದೊಡ್ಡ ಹಾಲ್‌ನೊಳಗೆ ಹಾರಿಸುವವರು. ನಮ್ಮ ಪಾಲಿಗೆ ಗಾಳಿ ಇನ್ನೂ ಉದಾರಿ.

ಚಿಕ್ಕದು ಯಾಕೆ ಹಾರುವುದಿಲ್ಲ

ಮೊದಲ ಸಲ ಕಟ್ಟುವವರು ಚಿಕ್ಕದರಿಂದ ಶುರು ಮಾಡೋಣ ಅಂತ ಯೋಚಿಸುತ್ತಾರೆ. ಬೇರೆ ಎಲ್ಲ ಕೆಲಸಕ್ಕೂ ಅದು ಒಳ್ಳೆಯ ಬುದ್ಧಿ. ಇಲ್ಲಿ ಮಾತ್ರ ಅಲ್ಲ.

ಎರಡೂ ತುದಿ ಚೂಪಾಗಿ ದುಂಡಗಿರುವ, ಮೊಟ್ಟೆಯನ್ನು ಉದ್ದಕ್ಕೆ ಎಳೆದಂಥ ಆಕಾರ ತಗೊಳ್ಳೋಣ. ಅದರ ಗಾತ್ರ ಕಂಡುಹಿಡಿಯುವುದು ಸುಲಭ: ಉದ್ದವನ್ನು ಅಡ್ಡಳತೆಯಿಂದ ಎರಡು ಸಲ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿ. ಒಂದೂವರೆ ಮೀಟರ್ ಉದ್ದ, 60 ಸೆಂಟಿಮೀಟರ್ ಅಡ್ಡಳತೆ ಇದ್ದರೆ ಸುಮಾರು 0.28 ಘನ ಮೀಟರ್. ಬೆಂಗಳೂರಿನಲ್ಲಿ ಇದು 260 ಗ್ರಾಂ ಎತ್ತುತ್ತದೆ. ಇದರ ಮೈ ಸುಮಾರು 2.35 ಚದರ ಮೀಟರ್. ಚದರ ಮೀಟರಿಗೆ 30 ಗ್ರಾಂ ತೂಗುವ ಹಾಳೆಯಲ್ಲಿ ಮಾಡಿದರೆ, ಬೆಸುಗೆಯ ಅಂಚೂ ಸೇರಿ 80 ಗ್ರಾಂ. ಉಳಿಯಿತು 180 ಗ್ರಾಂ. ಆರಾಮಾಗಿ ಸಾಕು.

ಈಗ ಎಲ್ಲ ಅಳತೆಯನ್ನೂ ಅರ್ಧ ಮಾಡಿ. 75 ಸೆಂಟಿಮೀಟರ್ ಉದ್ದ, 30 ಅಡ್ಡ. ಹಾಳೆ ನಾಲ್ಕನೇ ಒಂದು ಭಾಗ ಸಾಕು, ಅಂದರೆ 20 ಗ್ರಾಂ. ಆದರೆ ಒಳಗಿನ ಜಾಗ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಎತ್ತುವುದು ಬರೀ 32 ಗ್ರಾಂ. ಮೋಟಾರ್, ಬ್ಯಾಟರಿ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್, ರೆಕ್ಕೆ ಎಲ್ಲದಕ್ಕೂ ಸೇರಿ ಉಳಿದದ್ದು 12 ಗ್ರಾಂ! ಅದೇ ಎರಡರಷ್ಟು ಮಾಡಿ, ಮೂರು ಮೀಟರ್ ಉದ್ದ. ಎತ್ತುವ ಬಲ ಎರಡು ಕಿಲೋ ದಾಟುತ್ತದೆ. ಹಾಳೆಗೆ 320 ಗ್ರಾಂ ಹೋದರೂ ಒಂದು ಮುಕ್ಕಾಲು ಕಿಲೋ ಉಳಿಯುತ್ತದೆ.

ಮೈ ಬೆಳೆಯುವುದಕ್ಕಿಂತ ಹೊಟ್ಟೆ ಬೇಗ ಬೆಳೆಯುತ್ತದೆ, ಇಷ್ಟೇ ಗುಟ್ಟು. 1937ರಲ್ಲಿ ಉರಿದುಹೋದ ಜರ್ಮನ್ ವಾಯುನೌಕೆ ಹಿಂಡೆನ್‌ಬರ್ಗ್ 245 ಮೀಟರ್ ಉದ್ದ ಇತ್ತು. ಅಷ್ಟು ದೊಡ್ಡದು ಕಟ್ಟಿದ್ದು ಆಡಂಬರಕ್ಕಲ್ಲ, ಜನರನ್ನೂ ಸಾಮಾನನ್ನೂ ಹೊತ್ತು ಅಟ್ಲಾಂಟಿಕ್ ದಾಟಬೇಕಾದರೆ ಅಷ್ಟು ಗಾತ್ರ ಬೇಕೇ ಬೇಕಿತ್ತು. ನಮಗೆ ಒಂದೂವರೆ ಮೀಟರ್ ಸಾಕು. ಬಾಗಿಲಲ್ಲಿ ತೂರುತ್ತದೆ, ಹೀಲಿಯಂ ಖರ್ಚೂ ಕೈಮೀರುವುದಿಲ್ಲ.

ಹೀಲಿಯಂ ಮಾತ್ರ, ಬೇರೆ ಮಾತೇ ಬೇಡ

ಜಾತ್ರೆಯಲ್ಲಿ, ಪಾರ್ಕಿನ ಮುಂದೆ ಮಾರುವ ಹಾರುವ ಬಲೂನುಗಳಲ್ಲಿ ಎಷ್ಟೋ ಸಲ ಇರುವುದು ಹೈಡ್ರೋಜನ್. ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಚೂರು ಹಾಕಿ ಹಳೇ ಸಿಲಿಂಡರಿನಲ್ಲೇ ತಯಾರಿಸುತ್ತಾರೆ. ಅಗ್ಗ. ಆದರೆ ಆ ಸಿಲಿಂಡರ್ ಸಿಡಿದರೆ ಹತ್ತಿರ ನಿಂತವರು ಉಳಿಯುವುದಿಲ್ಲ. ಬಲೂನಿನೊಳಗಿನ ಹೈಡ್ರೋಜನ್ ಕೂಡ ಅಷ್ಟೇ ಅಪಾಯ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೂ ಹೊತ್ತಿಕೊಳ್ಳುತ್ತದೆ, 75 ಭಾಗ ಇದ್ದರೂ ಹೊತ್ತಿಕೊಳ್ಳುತ್ತದೆ. ನಮ್ಮ ನೌಕೆಯಲ್ಲಿ ಕಿಡಿ ಹಾರಿಸುವ ಸಣ್ಣ ಮೋಟಾರು, ಬಿಸಿಯಾಗುವ ಬ್ಯಾಟರಿ, ಉಜ್ಜಿದರೆ ಚಟಪಟ ಅನ್ನುವ ಪ್ಲಾಸ್ಟಿಕ್ ಹಾಳೆ ಎಲ್ಲ ಪಕ್ಕಪಕ್ಕದಲ್ಲೇ ಇರುತ್ತವೆ.

ಸರಿ, ಇಷ್ಟು ಅಪಾಯ ತಗೊಂಡರೆ ಲಾಭ ಎಷ್ಟು? ಹೈಡ್ರೋಜನ್ ಹೀಲಿಯಂನ ಅರ್ಧ ತೂಕ. ಹಾಗಾದರೆ ಎರಡರಷ್ಟು ಎತ್ತಬೇಕು ಅಲ್ವಾ? ಇಲ್ಲ. ಸೋರೆಬುರುಡೆ ನೆನಪಿಸಿಕೊಳ್ಳಿ. ಎತ್ತುವುದು ಗಾಳಿ. 1065 ಗ್ರಾಂ ಗಾಳಿಯಿಂದ ಹೀಲಿಯಂನ 145 ಕಳೆದರೆ 920. ಹೈಡ್ರೋಜನ್‌ನ 73 ಕಳೆದರೆ 992. ನೂರಕ್ಕೆ 8 ಭಾಗ ಜಾಸ್ತಿ, ಅಷ್ಟೇ. ನಮ್ಮ ನೌಕೆಯಲ್ಲಿ 20 ಗ್ರಾಂ. ಆ 20 ಗ್ರಾಂ ಬೇಕಿದ್ದರೆ ನೌಕೆಯನ್ನು ಒಂದು ಗೇಣು ಉದ್ದ ಮಾಡಿ. ಮನೆಯವರನ್ನು ಪಣಕ್ಕಿಡಬೇಡಿ.

ಹೀಲಿಯಂ ಸಿಲಿಂಡರಿಗೂ ಮರ್ಯಾದೆ ಕೊಡಬೇಕು. ಬಾಡಿಗೆಗೆ ಸಿಗುವ ದೊಡ್ಡ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್ ಗ್ಯಾಸನ್ನು ಹೊರಗಿನ ಗಾಳಿಯ 150 ಪಟ್ಟು ಒತ್ತಡದಲ್ಲಿ ಅಡಕಿರುತ್ತಾರೆ. ನಿಲ್ಲಿಸಿ, ಗೋಡೆಗೆ ಕಟ್ಟಿ, ರೆಗ್ಯುಲೇಟರ್ ಹಾಕಿಯೇ ತೆಗೆಯಬೇಕು. ಕಿಟಕಿ ತೆರೆದಿರಲಿ. ಕೀಚಲು ದನಿಗೋಸ್ಕರ ಯಾರಾದರೂ ಮೂತಿ ಇಟ್ಟು ಎಳೆಯಲು ಹೋದರೆ ಖಡಾಖಂಡಿತವಾಗಿ ಬೇಡ ಅನ್ನಿ. ಎದೆಯೊಳಗೆ ಆಮ್ಲಜನಕದ ಜಾಗವನ್ನು ಹೀಲಿಯಂ ಹಿಡಿದರೆ ಪ್ರಜ್ಞೆ ತಪ್ಪುವುದಕ್ಕೆ ಎರಡು ಮೂರು ಉಸಿರು ಸಾಕು. ಸಿಲಿಂಡರಿನಿಂದ ನೇರ ಎಳೆದರೆ ಶ್ವಾಸಕೋಶವೇ ಹರಿಯಬಹುದು.

ಈ ಗ್ಯಾಸಿಗೂ ನಮ್ಮ ದಕ್ಷಿಣ ಭಾರತಕ್ಕೂ ಒಂದು ಹಳೇ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ನೋಡಲು ಫ್ರಾನ್ಸಿನ ಜೂಲ್ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡುವ ದಾರಿ ಅಲ್ಲಿ ತೆರೆಯಿತು. ಅದೇ ವರ್ಷ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಆ ಬೆಳಕಿನಲ್ಲಿ ಒಂದು ಹಳದಿ ಗೆರೆ ಗುರುತಿಸಿದರು, ಅದು ಭೂಮಿಯಲ್ಲಿ ಗೊತ್ತಿರುವ ಯಾವ ವಸ್ತುವಿಗೂ ಸೇರಿದ್ದಲ್ಲ ಎಂದು ಆಮೇಲೆ ತೀರ್ಮಾನಿಸಿದರು. ಸೂರ್ಯನ ಗ್ರೀಕ್ ಹೆಸರು ಹೀಲಿಯೋಸ್, ಅದರಿಂದ ಹೀಲಿಯಂ ಆಯಿತು. ಇಂದು ಅದನ್ನು ನೆಲದಡಿಯ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿ ತೆಗೆಯುತ್ತಾರೆ. ಭಾರತಕ್ಕೆ ಹೊರಗಿನಿಂದಲೇ ಬರಬೇಕು. ಹೊರಗೆ ಬಿಟ್ಟ ಹೀಲಿಯಂ ನಿಧಾನವಾಗಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ, ವಾಪಸ್ ಬರುವುದಿಲ್ಲ. ಆಸ್ಪತ್ರೆಯ ಎಂಆರ್‌ಐ ಯಂತ್ರಕ್ಕೂ ಇದೇ ಬೇಕು. ಅದಕ್ಕೇ ಸೋರದ ನೌಕೆ ಕಟ್ಟುವುದು ಬರೀ ದುಡ್ಡಿನ ಪ್ರಶ್ನೆ ಅಲ್ಲ.

ಚರ್ಮ ಕತ್ತರಿಸುವುದು

ರಬ್ಬರ್ ಬಲೂನು ನಡೆಯುವುದಿಲ್ಲ. ಹೀಲಿಯಂನ ಕಣ ಎಷ್ಟು ಚಿಕ್ಕದೆಂದರೆ ರಬ್ಬರಿನ ಸಂದಿಯಲ್ಲೇ ನುಸುಳಿ ಒಂದು ದಿನದೊಳಗೆ ಬಲೂನು ನೆಲಕ್ಕೆ ಬೀಳುತ್ತದೆ. ಹುಟ್ಟುಹಬ್ಬಕ್ಕೆ ತರುವ ಬೆಳ್ಳಿ ಬಣ್ಣದ ಫಾಯಿಲ್ ಬಲೂನು ಮಾತ್ರ ವಾರಗಟ್ಟಲೆ ನಿಲ್ಲುತ್ತದೆ. ನಮಗೆ ಬೇಕಾದದ್ದು ಅಂಥ ಹಾಳೆ. ಹೊರಗೆ ಗಟ್ಟಿಯಾದ ಪಾಲಿಯೆಸ್ಟರ್, ಅದರ ಮೇಲೆ ಹೊಗೆಯಷ್ಟು ತೆಳ್ಳಗೆ ಅಲ್ಯೂಮಿನಿಯಂ, ಒಳಗೆ ಕರಗಿ ಅಂಟುವ ಪಾಲಿಥಿನ್. ಅಲ್ಯೂಮಿನಿಯಂ ಗ್ಯಾಸನ್ನು ತಡೆಯುತ್ತದೆ, ಪಾಲಿಥಿನ್ ಬೆಸುಗೆಗೆ ಬೇಕು. ತಿಂಡಿ ಪೊಟ್ಟಣಗಳ ಲ್ಯಾಮಿನೇಟ್ ಫಿಲ್ಮ್ ಮಾರುವವರಲ್ಲಿ ಕೇಳಿದರೆ ಇಂಥ ಹಾಳೆ ಸಿಗುತ್ತದೆ. ತರುವ ಮೊದಲು ಒಂದು ಚೂರು ಮನೆಗೆ ತಂದು ತೂಗಿ ನೋಡಿ. ಒಂದು ಅಡಿ ಚದರದ ಚೂರು 3 ಗ್ರಾಂ ದಾಟಿದರೆ ನಮ್ಮ ಕೆಲಸಕ್ಕೆ ಭಾರ.

ಚಪ್ಪಟೆ ಹಾಳೆಯಿಂದ ದುಂಡಗಿನ ಹೊಟ್ಟೆ ಮಾಡುವುದು ಹೇಗೆ? ಮಳೆಗಾಲದ ಕೊಡೆ ಬಿಚ್ಚಿ ನೋಡಿ. ಬಟ್ಟೆ ಒಂದೇ ತುಂಡಲ್ಲ. ತುದಿಯಲ್ಲಿ ಚೂಪಾದ, ಕೆಳಗೆ ಅಗಲವಾದ ಪಟ್ಟಿಗಳನ್ನು ಸೇರಿಸಿ ಹೊಲಿದಿರುತ್ತಾರೆ. ನಮ್ಮ ಪಟ್ಟಿಗಳು ಎರಡೂ ತುದಿಯಲ್ಲಿ ಚೂಪು, ನಡುವೆ ಅಗಲ. ಒಂದೂವರೆ ಮೀಟರ್ ನೌಕೆಗೆ ಆರು ಪಟ್ಟಿ ಸಾಕು.

ಪಟ್ಟಿಯ ಅಳತೆ ತೆಗೆಯಲು ಕಂಪ್ಯೂಟರ್ ಬೇಕಿಲ್ಲ. ಹಳೇ ದಿನಪತ್ರಿಕೆಗಳನ್ನು ಅಂಟಿಸಿ ನೆಲದ ಮೇಲೆ ಹಾಸಿ. ಒಂದು ನೇರ ಗೆರೆ ಎಳೆದು 137.5 ಸೆಂಟಿಮೀಟರ್ ದೂರದಲ್ಲಿ ಎರಡು ಮೊಳೆ ನಿಲ್ಲಿಸಿ. ಮೊಳೆಯಿಂದ ಮೊಳೆಗೆ 150 ಸೆಂಟಿಮೀಟರ್ ದಾರ ಕಟ್ಟಿ. ದಾರ ಸ್ವಲ್ಪ ಸಡಿಲ ಇರುತ್ತದೆ. ಪೆನ್ಸಿಲ್‌ನಿಂದ ಅದನ್ನು ಬಿಗಿಯಾಗಿ ಎಳೆದು ಹಿಡಿದು ಸುತ್ತ ಗೆರೆ ಹಾಕಿ. ಒಂದೂವರೆ ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಅಂಡಾಕಾರ ನೆಲದ ಮೇಲೆ ಮೂಡುತ್ತದೆ. ಇದೇ ನಿಮ್ಮ ನೌಕೆಯ ಪಕ್ಕನೋಟ, ನಿಜ ಗಾತ್ರದಲ್ಲಿ. ಮಕ್ಕಳನ್ನು ಕೂರಿಸಿಕೊಂಡು ಮಾಡಿ. ಗಣಿತ ಇಷ್ಟು ಚೆಂದ ಕಾಣುವ ಸಂದರ್ಭ ಕಡಿಮೆ.

ಈಗ ಆ ಬಾಗಿದ ಗೆರೆಯ ಮೇಲೆ, ಮೂತಿಯಿಂದ ಬಾಲದವರೆಗೆ ಇನ್ನೊಂದು ದಾರ ಕೂರಿಸಿ. ಬಿಚ್ಚಿ ಅಳೆದರೆ ಸುಮಾರು 173 ಸೆಂಟಿಮೀಟರ್ ಬರುತ್ತದೆ. ಪಟ್ಟಿಯ ಉದ್ದ ಇದು, 150 ಅಲ್ಲ. ಇಲ್ಲಿ ಎಡವುವವರೇ ಹೆಚ್ಚು. ಬಾಗಿದ ಗೆರೆಯ ಉದ್ದಕ್ಕೂ ಹತ್ತು ಹತ್ತು ಸೆಂಟಿಮೀಟರಿಗೆ ಗುರುತು ಹಾಕಿ. ಪ್ರತಿ ಗುರುತಿನಲ್ಲೂ ಅಂಡಾಕಾರದ ಅಡ್ಡಳತೆ ಅಳೆದು, 3.14ರಿಂದ ಗುಣಿಸಿ, ಆರರಿಂದ ಭಾಗಿಸಿ. ಆ ಜಾಗದಲ್ಲಿ ಪಟ್ಟಿ ಅಷ್ಟು ಅಗಲ ಇರಬೇಕು. ನಡುಮಧ್ಯದಲ್ಲಿ 31.4 ಸೆಂಟಿಮೀಟರ್ ಬರುತ್ತದೆ. ಮೂತಿಯಿಂದ ನೌಕೆಯ ಉದ್ದದ ಕಾಲು ಭಾಗ ಬಂದಲ್ಲಿ 27 ಚಿಲ್ಲರೆ. ಎರಡೂ ಪಕ್ಕಕ್ಕೆ ಒಂದೊಂದು ಸೆಂಟಿಮೀಟರ್ ಬೆಸುಗೆಗೆ ಬಿಡಿ. ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಆರೂ ಪಟ್ಟಿಗಳನ್ನು ಅದರಿಂದಲೇ ತೆಗೆಯಿರಿ.

ಬೆಸುಗೆಗೆ ಮನೆಯ ಇಸ್ತ್ರಿ ಪೆಟ್ಟಿಗೆ ಸಾಕು. ಕೂದಲು ನೇರ ಮಾಡುವ ಸ್ಟ್ರೈಟ್ನರ್ ಇನ್ನೂ ಒಳ್ಳೆಯದು, ಎರಡೂ ಕಡೆಯಿಂದ ಒತ್ತುತ್ತದೆ. ಎರಡು ಪಟ್ಟಿಗಳ ಪಾಲಿಥಿನ್ ಮುಖಗಳನ್ನು ಎದುರುಬದುರು ಮಾಡಿ ಒಂದರ ಮೇಲೊಂದು ಇಟ್ಟು ಒಂದು ಅಂಚು ಮಾತ್ರ ಬೆಸೆಯಿರಿ. ಮೇಲೆ ಬಟರ್ ಪೇಪರ್ ಇರಲಿ, ಇಲ್ಲದಿದ್ದರೆ ಇಸ್ತ್ರಿಗೆ ಅಂಟುತ್ತದೆ. ರೇಷ್ಮೆ ಬಟ್ಟೆಯ ಬಿಸಿಯಿಂದ ಶುರು ಮಾಡಿ, ಬೇಡದ ಚೂರುಗಳ ಮೇಲೆ ನಾಲ್ಕಾರು ಸಲ ಪರೀಕ್ಷೆ ಮಾಡಿ. ಎಳೆದಾಗ ಬೆಸುಗೆ ಬಿಚ್ಚಿಕೊಂಡರೆ ಬಿಸಿ ಕಡಿಮೆ. ಹಾಳೆ ಸುಕ್ಕಾಗಿ ಮುದುಡಿದರೆ ಬಿಸಿ ಜಾಸ್ತಿ. ಬೆಸುಗೆ ಗಟ್ಟಿಯಾಗಿ ನಿಂತು ಪಕ್ಕದ ಹಾಳೆ ಹರಿದರೆ ಅದೇ ಸರಿಯಾದ ಬಿಸಿ. ಆ ಗುರುತನ್ನು ಇಸ್ತ್ರಿಯ ಮೇಲೇ ಬರೆದಿಡಿ. ಆಮೇಲೆ ಮೂರನೇ ಪಟ್ಟಿ, ನಾಲ್ಕನೆಯದು, ಹೀಗೆ ಪುಸ್ತಕದ ಹಾಳೆಯಂತೆ ಸೇರಿಸುತ್ತಾ ಹೋದರೆ ಎಲ್ಲವೂ ಚಪ್ಪಟೆಯಾಗಿಯೇ ನೆಲದ ಮೇಲಿರುತ್ತದೆ. ಕೊನೆಯ ಅಂಚಿನಲ್ಲಿ ಬೆರಳಗಲದ ಒಂದು ಕೊಳವೆ ಸೇರಿಸಿ. ಗ್ಯಾಸ್ ತುಂಬುವುದು ಅದರಿಂದ. ತುಂಬಿದ ಮೇಲೆ ಮಡಚಿ ಟೇಪ್ ಹಾಕಿದರಾಯಿತು.

ಹೀಲಿಯಂ ತರುವ ಮೊದಲು ಸುಮ್ನೆ ಗಾಳಿ ತುಂಬಿ ನೋಡಿ. ಬೆಸುಗೆಯ ಉದ್ದಕ್ಕೂ ಸೋಪು ನೀರು ಸವರಿ. ಗುಳ್ಳೆ ಎದ್ದಲ್ಲಿ ಗುರುತು ಹಾಕಿ ಇನ್ನೊಮ್ಮೆ ಒತ್ತಿ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದಾಗ ಹೊಟ್ಟೆ ಹಾಗೇ ಇದ್ದರೆ ನೀವು ಅರ್ಧ ಗೆದ್ದಿರಿ.

180 ಗ್ರಾಂನೊಳಗೆ ಸಂಸಾರ

ಉಳಿದ 180 ಗ್ರಾಂ ಹೇಗೆ ಹಂಚಬೇಕು? ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಸಣ್ಣ ಡ್ರೋನ್‌ಗೆ ಹಾಕುವ ಎರಡು ಮೋಟಾರ್, ಪಂಕ ಸಮೇತ 14 ಗ್ರಾಂ. ಅವನ್ನು ನಡೆಸುವ ಬೋರ್ಡ್ 8. ಒಂದೇ ಸೆಲ್‌ನ, 3.7 ವೋಲ್ಟಿನ, 500 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 14. ಸರ್ವೊ, ಅಂದರೆ ಹೇಳಿದಷ್ಟೇ ಕೋನಕ್ಕೆ ತಿರುಗುವ ಸಣ್ಣ ಮೋಟಾರ್, 5, ರಿಸೀವರ್ 5, ವೈರು 8. ಬಾಲ್ಸಾ ಕಡ್ಡಿ ಅಥವಾ ತೆಳು ಥರ್ಮಾಕೋಲಿನ ಗೊಂಡೊಲಾ, ಅಂದರೆ ಕೆಳಗೆ ನೇತಾಡುವ ತೊಟ್ಟಿಲು, 15. ನಾಲ್ಕು ರೆಕ್ಕೆಗಳು 30. ಟೇಪು, ವೆಲ್‌ಕ್ರೊ, ದಾರ 10. ಒಟ್ಟು 109. ಇನ್ನೂ 70 ಗ್ರಾಂ ಕೈಯಲ್ಲಿದೆ.

ಆ 70 ಗ್ರಾಂ ನೋಡಿ ದೊಡ್ಡ ಬ್ಯಾಟರಿ ಹಾಕೋಣ ಅನ್ನಿಸುತ್ತದೆ. ಬೇಡ. ಹೀಲಿಯಂ ಪೂರ್ತಿ ಶುದ್ಧ ಇರುವುದಿಲ್ಲ, ಹೊಟ್ಟೆಯೂ ಪೂರ್ತಿ ತುಂಬುವುದಿಲ್ಲ. ದಿನ ಕಳೆದಂತೆ ಸ್ವಲ್ಪ ಸೋರುತ್ತದೆ. ಅಂಟು, ಟೇಪು ಅಂತ ಲೆಕ್ಕಕ್ಕೆ ಸಿಗದ ತೂಕ ಎಲ್ಲಿಂದಲೋ ಬಂದು ಸೇರುತ್ತದೆ. ದೊಡ್ಡ ದೊಡ್ಡ ಎಂಜಿನಿಯರುಗಳಿಗೂ ಇದು ತಪ್ಪಿದ್ದಲ್ಲ. ಬ್ರಿಟಿಷರ ಆರ್-101 ವಾಯುನೌಕೆ ಇಂಗ್ಲೆಂಡಿನಿಂದ ಆಗಿನ ಭಾರತದ ಕರಾಚಿಗೆ ಬರಬೇಕಿತ್ತು. ಅದಕ್ಕಾಗಿ ಕರಾಚಿಯಲ್ಲಿ ದೊಡ್ಡ ಶೆಡ್ಡನ್ನೂ ಕಟ್ಟಿದ್ದರು. ನೌಕೆ ತಯಾರಾದಾಗ ಅಂದುಕೊಂಡದ್ದಕ್ಕಿಂತ ತುಂಬಾ ಭಾರ ಆಗಿತ್ತು. 1930ರಲ್ಲಿ ಅದನ್ನು ನಡುವಿಗೆ ಕತ್ತರಿಸಿ, ಇನ್ನೊಂದು ಗ್ಯಾಸ್ ಚೀಲದ ಭಾಗ ಸೇರಿಸಿ ಉದ್ದ ಮಾಡಿದರು. ಅಕ್ಟೋಬರ್ 5ರ ನಸುಕಿನಲ್ಲಿ, ಮಳೆಗಾಳಿಯ ನಡುವೆ, ಫ್ರಾನ್ಸಿನ ಬೊವೇ ಊರಿನ ಹತ್ತಿರ ಅದು ನೆಲಕ್ಕೆ ಬಡಿದು ಹೊತ್ತಿಕೊಂಡಿತು. ಒಳಗಿದ್ದ 54 ಜನರಲ್ಲಿ 48 ಜನ ಸತ್ತರು. ಹಾಗಾಗಿ ಪ್ರತಿ ಸಾಮಾನನ್ನೂ ಅಂಟಿಸುವ ಮೊದಲು ತೂಗಿ ಬರೆದಿಡಿ. ತೂಗದೆ ಏನೂ ಹತ್ತಬಾರದು.

ಮೋಟಾರಿನ ಬಲ ಎಷ್ಟು ಬೇಕು ಅಂತ ಕೇಳಿದರೆ ಆಶ್ಚರ್ಯ ಆಗುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ, ಅಂದರೆ ಆರಾಮಾಗಿ ನಡೆಯುವ ವೇಗದಲ್ಲಿ, ಈ ನೌಕೆಯನ್ನು ತಳ್ಳಲು ಮೂರು ನಾಲ್ಕು ಗ್ರಾಂ ತೂಕದಷ್ಟು ಬಲ ಸಾಕು. ಒಂದು ಚಮಚ ಸಕ್ಕರೆಯ ತೂಕ! ಆದರೆ ವೇಗ ಎರಡರಷ್ಟಾದರೆ ನಾಲ್ಕರಷ್ಟು ಬಲ ಬೇಕು. ನೌಕೆಯನ್ನು ಓಡಿಸಲು ಹೋಗಬೇಡಿ, ನಡೆಸಿ. ಅಷ್ಟೇ ಬ್ಯಾಟರಿ ಇರುವ ಡ್ರೋನ್ ಕೆಲವೇ ನಿಮಿಷಕ್ಕೆ ಸುಸ್ತಾಗುತ್ತದೆ, ಯಾಕೆಂದರೆ ಅದರ ಶಕ್ತಿಯೆಲ್ಲ ಬೀಳದೆ ನಿಲ್ಲುವುದಕ್ಕೇ ಖರ್ಚಾಗುತ್ತದೆ. ನಮ್ಮದನ್ನು ಗಾಳಿಯೇ ಹೊತ್ತಿರುತ್ತದೆ.

ಎರಡು ಮೋಟಾರನ್ನೂ ಗೊಂಡೊಲಾದ ಎಡಬಲಕ್ಕೆ ಚಾಚಿದ ಒಂದೇ ಕಾರ್ಬನ್ ಕಡ್ಡಿಗೆ ಕೂರಿಸಿ. ಸರ್ವೊ ಆ ಕಡ್ಡಿಯನ್ನು ತಿರುಗಿಸಲಿ. ಪಂಕ ಮುಂದೆ ನೋಡಿದರೆ ನೌಕೆ ಮುಂದಕ್ಕೆ, ಮೇಲೆ ನೋಡಿದರೆ ಮೇಲಕ್ಕೆ. ಒಂದು ಮೋಟಾರ್ ಜೋರು, ಇನ್ನೊಂದು ನಿಧಾನ ಮಾಡಿದರೆ ತಿರುಗುತ್ತದೆ, ಎತ್ತಿನ ಗಾಡಿ ತಿರುಗಿಸಿದ ಹಾಗೆ. ರಿಸೀವರಿನ ಆಂಟೆನಾ ಕೆಳಕ್ಕೆ ಇಳಿಬಿಟ್ಟಿರಲಿ. ಬೆಳ್ಳಿ ಹಾಳೆ ಲೋಹ ಅಲ್ವಾ, ಅದಕ್ಕೆ ಅಂಟಿಕೊಂಡರೆ ಸಿಗ್ನಲ್ ಕೆಡುತ್ತದೆ.

ರೆಕ್ಕೆ ಯಾಕೆ ಬೇಕು? ಹರಿಯುವ ನೀರಿನಲ್ಲಿ ಒಂದು ಕೋಲಿನ ನಡುವಿಗೆ ದಾರ ಕಟ್ಟಿ ಹಿಡಿದು ನೋಡಿ. ಅದು ನೀರಿಗೆ ಅಡ್ಡ ತಿರುಗಿ ನಿಲ್ಲುತ್ತದೆ. ಉದ್ದನೆಯ ಯಾವ ವಸ್ತುವಿಗೂ ಇದೇ ಚಾಳಿ. ರೆಕ್ಕೆ ಇಲ್ಲದ ವಾಯುನೌಕೆಯೂ ಮುಂದೆ ಹೊರಟ ಕೂಡಲೇ ಅಡ್ಡ ತಿರುಗುತ್ತದೆ. ಬಾಲದ ನಾಲ್ಕು ರೆಕ್ಕೆಗಳು ಆ ತಿರುವನ್ನು ತಡೆಯುತ್ತವೆ. ಒಂದೊಂದೂ ಸುಮಾರು 25 ಸೆಂಟಿಮೀಟರ್ ಉದ್ದ, 20 ಅಗಲ ಇರಲಿ. ಮೂರು ಮಿಲಿಮೀಟರಿನ ಫೋಮ್ ಹಾಳೆ ಸಾಕು, ದಾರದಿಂದ ನಾಲ್ಕೂ ಕಡೆ ಬಿಗಿದರೆ ಅಲುಗುವುದಿಲ್ಲ.

ಮಂಟಪದಲ್ಲಿ ಒಂದು ಬೆಳಿಗ್ಗೆ

ಬಯಲಿನಲ್ಲಿ ಹಾರಿಸುವ ಆಸೆ ಸದ್ಯಕ್ಕೆ ಬಿಡಿ. ಮರದ ಎಲೆ ಸರಸರ ಅನ್ನುವಷ್ಟು ಗಾಳಿ ಇದ್ದರೆ ಅದರ ವೇಗ ಸೆಕೆಂಡಿಗೆ ಎರಡು ಮೂರು ಮೀಟರ್. ನಮ್ಮ ನೌಕೆಯ ವೇಗ ಒಂದೂವರೆ. ಗಾಳಿ ಎತ್ತ ಹೋಗುತ್ತದೋ ನೌಕೆಯೂ ಅತ್ತಲೇ. 1852ರಲ್ಲಿ ಆನ್ರಿ ಜಿಫಾರ್ ಎಂಬ ಫ್ರೆಂಚ್ ಎಂಜಿನಿಯರ್ 3 ಅಶ್ವಶಕ್ತಿಯ ಉಗಿ ಎಂಜಿನ್ ಕಟ್ಟಿದ ವಾಯುನೌಕೆಯಲ್ಲಿ ಪ್ಯಾರಿಸ್‌ನಿಂದ 27 ಕಿಲೋಮೀಟರ್ ಹೋದರು. ಎಂಜಿನ್ ಇಟ್ಟು ನಡೆಸಿದ ಮೊದಲ ವಾಯುನೌಕೆ ಅದು. ಆದರೆ ಗಾಳಿಗೆ ಎದುರಾಗಿ ವಾಪಸ್ ಬರುವ ಶಕ್ತಿ ಅದಕ್ಕೂ ಇರಲಿಲ್ಲ. ಇನ್ನೊಂದು ಭಯವೂ ಇದೆ. ಬೆಳ್ಳಿ ಹಾಳೆ ವಿದ್ಯುತ್ ತಂತಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಗಾಳಿಯೇ ಆಡದ ನಸುಕಿನಲ್ಲಿ ಹೊರಗೆ ಹಾರಿಸಲೇಬೇಕೆಂದಿದ್ದರೆ ದಾರ ಕಟ್ಟಿಯೇ ಹಾರಿಸಿ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಅನುಮತಿ ಇದೆಯೇ ನೋಡಿಕೊಳ್ಳಿ.

ಇದರ ನಿಜವಾದ ಜಾಗ ಛಾವಣಿಯ ಕೆಳಗೆ. 1910ರಲ್ಲೇ ರೇಮಂಡ್ ಫಿಲಿಪ್ಸ್ ಎಂಬವರು ಲಂಡನ್ನಿನ ಹಿಪ್ಪೊಡ್ರೋಮ್ ರಂಗಮಂದಿರದೊಳಗೆ, ನೋಡುಗರ ತಲೆಯ ಮೇಲೆ, ವೈರ್‌ಲೆಸ್ ಅಲೆಗಳಿಂದ ಸುಮಾರು 20 ಅಡಿಯ ವಾಯುನೌಕೆ ನಡೆಸಿ ತೋರಿಸಿದ್ದರು. ನಮಗೆ ಕಲ್ಯಾಣ ಮಂಟಪ ಇದೆ. ಆಷಾಢದಲ್ಲಿ ಹೊರಗೆ ಬಿರುಗಾಳಿ, ಒಳಗೆ ಮದುವೆ ಇಲ್ಲದೆ ಹಾಲ್ ಖಾಲಿ. ನಾನು ಗೊತ್ತಿದ್ದವರನ್ನು ಕೇಳಿ ಒಂದು ಬೆಳಿಗ್ಗೆಗೆ ಬೀಗ ತೆಗೆಸಿಕೊಂಡೆ. ಅಕ್ಕನ ಮಗಳೂ ಬಂದಿದ್ದಳು. ಮೊದಲು ಮಾಡಿದ ಕೆಲಸ ಎಲ್ಲ ಫ್ಯಾನ್ ಆರಿಸಿ, ಸ್ವಿಚ್ಚಿನ ಮೇಲೆ ಚೀಟಿ ಅಂಟಿಸಿದ್ದು. ಯಾರಾದರೂ ಮರೆತು ಫ್ಯಾನ್ ಹಾಕಿದರೆ ಅಲ್ಲಿಗೆ ಮುಗಿಯಿತು.

ಆಮೇಲೆ ತೂಕ ಕೂಡಿಸುವ ಕೆಲಸ. ಇದನ್ನು ಅವಸರದಲ್ಲಿ ಮಾಡಬಾರದು. ಎಲ್ಲ ಸಾಮಾನೂ ಕಟ್ಟಿದ ಮೇಲೆ ನೌಕೆ ಇನ್ನೂ ಮೇಲಕ್ಕೆ ಎಳೆಯುತ್ತಿತ್ತು. ಗೊಂಡೊಲಾಕ್ಕೆ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಕಟ್ಟಿ ಮರಳು ಹಾಕುತ್ತಾ ಹೋದೆವು. ಒಂದು ಚಮಚ. ಬಿಟ್ಟರೆ ಏರಿತು. ಇನ್ನೊಂದು ಚಮಚ. ನಿಧಾನವಾಗಿ ಏರಿತು. ಆಮೇಲೆ ಚಿಟಿಕೆ ಲೆಕ್ಕ. ಮೂತಿ ಸ್ವಲ್ಪ ಎದ್ದಿತ್ತು. ಬ್ಯಾಟರಿಯನ್ನು ವೆಲ್‌ಕ್ರೊ ಮೇಲೆ ಎರಡು ಬೆರಳಷ್ಟು ಮುಂದೆ ಸರಿಸಿದೆ. ಮಟ್ಟವಾಯಿತು. ಕೊನೆಗೆ ಎದೆಯೆತ್ತರಕ್ಕೆ ಹಿಡಿದು ಕೈ ಬಿಟ್ಟಾಗ ಅದು ಅಲ್ಲೇ ನಿಂತಿತು.

"ಮಾಮ, ಇದು ಮೇಲೂ ಹೋಗ್ತಿಲ್ಲ, ಕೆಳಗೂ ಬರ್ತಿಲ್ಲ!" ಅಂದಳು ಅವಳು. ಒಂದೇ ಬೆರಳಲ್ಲಿ ತಳ್ಳಿದಳು. ಹಾಲ್‌ನ ಆ ತುದಿಯವರೆಗೂ ಸದ್ದಿಲ್ಲದೆ ಹೋಯಿತು.

ಅದಾದ ಮೇಲೆ ಇನ್ನೆರಡು ಚಿಟಿಕೆ ಮರಳು ಹಾಕಿದೆ. ನೌಕೆ ಯಾವಾಗಲೂ ಮೂರು ನಾಲ್ಕು ಗ್ರಾಂ ಭಾರವೇ ಇರಬೇಕು. ಬ್ಯಾಟರಿ ಮುಗಿದರೆ ಮೆಲ್ಲಗೆ ನೆಲಕ್ಕೆ ಬರುತ್ತದೆ. ಹಗುರ ಇದ್ದರೆ ಛಾವಣಿಗೆ ಅಂಟಿಕೊಂಡು ಕೂರುತ್ತದೆ, ಬಯಲಲ್ಲಾದರೆ ಕಣ್ಮರೆಯಾಗುತ್ತದೆ.

ನಡೆಸುವಾಗ ಒಂದು ವಿಷಯ ಕೈಗೆ ಗೊತ್ತಾಗಬೇಕು. ನೌಕೆಗೆ ತೂಕ ಇಲ್ಲದಂತೆ ಕಂಡರೂ ಜಡತ್ವ ಇದೆ. ಚರ್ಮ, ಸಾಮಾನು, ಒಳಗಿನ ಹೀಲಿಯಂ ಎಲ್ಲ ಸೇರಿ ಅದು ಸರಿಸಿದ ಗಾಳಿಯಷ್ಟೇ, ಅಂದರೆ ಸುಮಾರು 300 ಗ್ರಾಂ ಇದೆ. ಸಾಲದ್ದಕ್ಕೆ ಸುತ್ತಲಿನ ಗಾಳಿಯನ್ನೂ ಒಂದಿಷ್ಟು ಎಳೆದುಕೊಂಡೇ ಹೋಗುತ್ತದೆ. ಮೋಟಾರ್ ನಿಲ್ಲಿಸಿದರೂ ಹೋಗುತ್ತಲೇ ಇರುತ್ತದೆ. ಗೋಡೆ ಬರುವುದಕ್ಕೆ ಐದಾರು ಮೀಟರ್ ಮೊದಲೇ ಎದುರು ತಿರುವು ಕೊಡಬೇಕು. ಜೋರಾಗಿ ಹೊರಟರೆ ಮೂತಿ ಮೇಲೇಳುತ್ತದೆ, ಯಾಕೆಂದರೆ ಪಂಕ ಕೆಳಗಿನಿಂದ ತಳ್ಳುತ್ತದೆ, ಗಾಳಿ ಹೊಟ್ಟೆಯನ್ನು ಹಿಂದಕ್ಕೆ ಒತ್ತುತ್ತದೆ. ಮೆಲ್ಲಗೆ ಹೊರಟರೆ ಗೊಂಡೊಲಾದ ಭಾರವೇ ಅದನ್ನು ಮಟ್ಟವಾಗಿಡುತ್ತದೆ.

ಹತ್ತು ಗಂಟೆಗೆ ಕಿಟಕಿಯಿಂದ ಬಿಸಿಲ ಕೋಲು ಬಿತ್ತು. ಅದರಲ್ಲಿ ಸ್ವಲ್ಪ ಹೊತ್ತು ನಿಂತ ನೌಕೆ ತಾನಾಗಿಯೇ ಏರತೊಡಗಿತು. ಒಳಗಿನ ಗ್ಯಾಸ್ ಹೊರಗಿನ ಗಾಳಿಗಿಂತ 10 ಡಿಗ್ರಿ ಜಾಸ್ತಿ ಬಿಸಿಯಾದರೆ, ಹಿಗ್ಗಲು ಜಾಗ ಇದ್ದರೆ, ಈ ಗಾತ್ರಕ್ಕೆ 10 ಗ್ರಾಂ ಹೆಚ್ಚು ಎತ್ತುತ್ತದೆ. ನೆರಳಿಗೆ ಎಳೆದುಕೊಂಡ ಮೇಲೆ ಮತ್ತೆ ಇಳಿಯಿತು. ಹಿಗ್ಗಲು ಜಾಗ ಇಲ್ಲದಂತೆ ಬಿಗಿಯಾಗಿ ತುಂಬಿದ್ದರೆ ಬೆಸುಗೆಯೇ ಬಿಟ್ಟುಕೊಳ್ಳುತ್ತಿತ್ತು. ಅದಕ್ಕೇ ಹೊಟ್ಟೆಯನ್ನು ಒಂಚೂರು ಸಡಿಲ ಬಿಟ್ಟು ತುಂಬಬೇಕು, ಬೆರಳಿಂದ ಒತ್ತಿದರೆ ತಗ್ಗುವಷ್ಟು. ಚೌಕಟ್ಟಿಲ್ಲದೆ ಗ್ಯಾಸಿನ ಒತ್ತಡದಿಂದಲೇ ಆಕಾರ ಹಿಡಿಯುವ ದೊಡ್ಡ ವಾಯುನೌಕೆಗಳಾದ ಬ್ಲಿಂಪ್‌ಗಳಲ್ಲಿ ಇದಕ್ಕಾಗಿ ಒಳಗೇ ಒಂದು ಗಾಳಿ ಚೀಲ ಇಡುತ್ತಾರೆ. ಗ್ಯಾಸ್ ಹಿಗ್ಗಿದಾಗ ಆ ಚೀಲದ ಗಾಳಿ ಹೊರಗೆ, ಕುಗ್ಗಿದಾಗ ಒಳಗೆ. ನಮ್ಮ ಗಾತ್ರಕ್ಕೆ ಆ ತೂಕ ದುಬಾರಿ.

ಸಂಜೆ ಗ್ಯಾಸ್ ಬಿಡದೆ ಹಾಗೇ ಮನೆಗೆ ತಂದೆ. ಗೊಂಡೊಲಾ ಕಳಚಿ, ಅಷ್ಟೇ ತೂಕದ ಮರಳು ಚೀಲ ಕಟ್ಟಿ, ಒಂದು ದಾರದಿಂದ ನಡುಮನೆಯ ಮೂಲೆಯ ಕುರ್ಚಿಗೆ ಬಿಗಿದೆ. ದಿನಾ ಬೆಳಿಗ್ಗೆ ಅದರ ಎತ್ತುವ ಬಲವನ್ನು ತೂಗಿ ಬರೆಯುತ್ತೇನೆ. ತಕ್ಕಡಿಯ ಮೇಲೆ ಒಂದು ಭಾರದ ಕಲ್ಲಿಟ್ಟು, ನೌಕೆಯ ದಾರವನ್ನು ಅದಕ್ಕೆ ಕಟ್ಟಿದರೆ, ಕಲ್ಲಿನ ತೂಕ ಎಷ್ಟು ಇಳಿಯಿತೋ ಅಷ್ಟು ನೌಕೆ ಎತ್ತುತ್ತಿದೆ ಎಂದರ್ಥ. ನಾಲ್ಕನೇ ದಿನ ನೌಕೆ ನೆಲದ ಹತ್ತಿರ ಇಳಿದಿತ್ತು. ಚೀಲದಿಂದ ಅರ್ಧ ಚಮಚ ಮರಳು ತೆಗೆದೆ. ಮತ್ತೆ ಎದೆಯೆತ್ತರಕ್ಕೆ ಬಂದು ನಿಂತಿತು.